ಇಳಿಯುವ ಸಕ್ಕರೆಯ ವಾಸನೆ

ಸಪ್ತಾಪುರದಲ್ಲಿ ನಮ್ಮ ಓಣಿಯ ಹಿಂದೆ ಅದರಂಥದೇ ಇನ್ನೊಂದು ಓಣಿ ಇದೆ. ಅಲ್ಲಿಯೂ ನಮ್ಮ ಮನೆಯ ಹಾಗೆ ಹಸಿರು ಗೇಟಿನ ಒಂದು ಮನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಮಧ್ಯಾಹ್ನ ನಾನು ಶಾಲೆಯಿಂದ ನಡೆದು ಬಂದು, ಆ ಗೇಟು ತೆಗೆದು, ಚಪ್ಪಲಿ ಕಳಚಿ, ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಚಹಾ ಕೇಳಿದೆನಂತೆ. ನನಗೆ ನೆನಪಿರುವುದು ಕುರ್ಚಿ ಮಾತ್ರ. ಬೆತ್ತದ ಕುರ್ಚಿ. ನಮ್ಮ ಮನೆಯಲ್ಲಿ ಬೆತ್ತದ ಕುರ್ಚಿ ಇರಲಿಲ್ಲ. ಇದನ್ನು ಯಾವಾಗ ತಂದೆವು ಎಂದು ಯೋಚಿಸುತ್ತ ಕುಳಿತಿದ್ದೆ.

ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದರಂತೆ.

"ಯಾರಪಾ ನೀ? ಯಾರು ಬೇಕಾಗಿತ್ತು?"

"ಚಾ ಮಾಡಬೇ," ಎಂದೆನಂತೆ, ನಮ್ಮ ಅವ್ವನಿಗೆ ಹೇಳುವ ಹಾಗೆ.

ನನ್ನ ನಾಲಿಗೆ ತೊದಲುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು, ಕಣ್ಣು ಅರ್ಧ ಮುಚ್ಚಿದ್ದವು. ಆಕೆ ಹೊರಗೆ ಹೋಗಿ ಓಣಿಯವರನ್ನು ಕೂಗಿದರು. "ಯಾರೋ ಕುಡದ ಬಂದು ಒಳಗ ಕುಂತಾನ, ಬರ್ರೆಪಾ ಲಗೂ." ಎದುರು ಮನೆಯವರು ಬಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. ಅವರಿಗೆ ನನ್ನ ಗುರುತು ಹತ್ತಿತು. ಅದರಿಂದ ಉಪಕಾರವೇನೂ ಆಗಲಿಲ್ಲ. "ಇವ್ರು ಹೈಸ್ಕೂಲ್ ಮಾಸ್ತರಲ್ಲ? ವಿಜ್ಞಾನ ಕಲಸವ್ರು ಹಿಂಗ ಹಗಲಾಗ ಕುಡೀತಾರಂದ್ರ ಏನ್ ಹೇಳೂದ್ರಿ?"

ಆದರೂ ಆ ತಾಯಿ ಚಹಾ ಮಾಡಿ ತಂದರು. ಕೇಳಿದವರಿಗೆ ಇಲ್ಲ ಎನ್ನುವ ರೂಢಿ ಅವರಿಗೆ ಇರಲಿಲ್ಲವೋ ಏನೋ. ಆ ಸಿಹಿ ಚಹಾ ಅರ್ಧ ಇಳಿಯುವಷ್ಟರಲ್ಲಿ ಪಡಸಾಲೆಯ ಗೋಡೆಗಳು ನಮ್ಮ ಮನೆಯ ಗೋಡೆಗಳಾಗಿ ಉಳಿಯಲಿಲ್ಲ. ನನ್ನ ಎದುರು ಮೂರು ನಾಲ್ಕು ಅಪರಿಚಿತ ಮುಖಗಳಿದ್ದವು. ಎದ್ದು ನಿಂತು ಕೈಮುಗಿದೆ. ನನಗೆ ಸಕ್ಕರೆ ಕಾಯಿಲೆ, ಸಕ್ಕರೆ ಕಡಿಮೆಯಾದಾಗ ಹೀಗಾಗುತ್ತದೆ ಎಂದು ವಿವರಿಸಿದೆ.

ಎದುರು ಮನೆಯವರು ಗಮನವಿಟ್ಟು ಕೇಳಿದರು. "ಸಕ್ಕರಿ ಬ್ಯಾನಿ ಇದ್ದವ್ರು ಸಕ್ಕರಿ ಮುಟ್ಟಬಾರದಲ್ರಿ? ನೀವು ಸಕ್ಕರಿ ಚಾ ಕುಡದು ಆರಾಮ ಆತು ಅಂತೀರಿ."

ಇನ್ಸುಲಿನ್ ಅಂದರೇನು, ಅದನ್ನು ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ಹೇಗೆ ಇಳಿಯುತ್ತದೆ, ಮಿದುಳಿಗೆ ಸಕ್ಕರೆ ಏಕೆ ಬೇಕು ಎಂದು ಒಂಬತ್ತನೆಯ ಇಯತ್ತೆಯ ಪಾಠದ ಹಾಗೆ ಹೇಳಿದೆ. ಅವರು ತಲೆಯಾಡಿಸಿದರು. ಕೊನೆಗೆ ನನ್ನ ಬೆನ್ನು ತಟ್ಟಿ ಮೆಲ್ಲಗೆ ಅಂದರು: "ಆತ್ ಬಿಡ್ರಿ ಸರ. ಇನ್ನ ಮುಂದ ಹಗಲಾಗ ತಗೋಬ್ಯಾಡ್ರಿ ಅಷ್ಟ."

ನನಗೆ ಈ ಕಾಯಿಲೆ ಬಂದದ್ದು ಬಿ.ಎಸ್ಸಿ. ಓದುವಾಗ, ಅದೇ ದಶಕದ ಆರಂಭದಲ್ಲಿ. ಎಷ್ಟು ನೀರು ಕುಡಿದರೂ ತೀರದ ನೀರಡಿಕೆ, ಎಷ್ಟು ಉಂಡರೂ ಸೊರಗುವ ಮೈ. ಹಳ್ಳಿಯಿಂದ ಬಂದ ಅವ್ವ ನನ್ನ ಜೊತೆ ಬಾಡಿಗೆ ಕೋಣೆಯಲ್ಲಿ ಉಳಿದಳು. ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಣ್ಣೀರಿನ ಗಡಿಗೆಯಲ್ಲಿ ಇಳಿಬಿಟ್ಟು, ಅದರ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ಬೇಸಿಗೆಯಲ್ಲಿ ಮಗುವಿಗೆ ಹೊದಿಕೆ ಸರಿಮಾಡಿದ ಹಾಗೆ ಆ ಬಟ್ಟೆಯನ್ನು ಮತ್ತೆ ಮತ್ತೆ ತೋಯಿಸುವಳು.

ಆ ವರ್ಷಗಳಲ್ಲಿ ಸಕ್ಕರೆ ಇಳಿದರೆ ನನಗೇ ತಿಳಿಯುತ್ತಿತ್ತು. ಕೈ ನಡುಗುತ್ತಿತ್ತು, ಎದೆ ಬಡಿಯುತ್ತಿತ್ತು, ಎಲ್ಲಿಲ್ಲದ ಹಸಿವು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಆಮೇಲೆ ಯಾವಾಗಲೋ ಆ ನಡುಕ ನಿಂತುಹೋಯಿತು. ಆರೋಗ್ಯ ಸುಧಾರಿಸಿದೆ ಎಂದು ನಾನು ಖುಷಿಪಟ್ಟೆ. ಹುಬ್ಬಳ್ಳಿಯ ಡಾಕ್ಟರ ಮುಂದೆ ಅದನ್ನೇ ಹೇಳಿದಾಗ ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ನಡುಕ ಬರವಲ್ದು ಅಂದ್ರ ಸಕ್ಕರಿ ಇಳಿಯೂದು ನಿಂತಿಲ್ರಿ. ನಿಮಗ ಸುದ್ದಿ ಮುಟ್ಟೂದು ನಿಂತೈತಿ. ಪದೇ ಪದೇ ಇಳದು ಇಳದು ಮೈಗೆ ಅದ ರೂಢಿ ಆಗಿಬಿಡ್ತೈತಿ. ಇದು ಛಲೋ ಲಕ್ಷಣ ಅಲ್ಲ."

ಸಕ್ಕರೆ ಇಳಿದಾಗ ಗೊಂದಲವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗಲ್ಲ. ಆ ಹೊತ್ತಿನಲ್ಲಿ ನನಗೆ ಎಲ್ಲವೂ ಖಚಿತವಾಗಿರುತ್ತದೆ. ಇದು ನಮ್ಮ ಮನೆಯೇ, ಇವಳು ನಮ್ಮ ಅವ್ವನೇ, ನಾನು ಆರಾಮಾಗಿಯೇ ಇದ್ದೇನೆ. ಗೊಂದಲ ಶುರುವಾಗುವುದು ಆಮೇಲೆ, ಸಕ್ಕರೆ ಏರಿ ಬುದ್ಧಿ ಮರಳಿದಾಗ. ಅಷ್ಟು ಖಚಿತವಾಗಿದ್ದದ್ದು ಸುಳ್ಳಾದರೆ, ಈಗ ಖಚಿತವಾಗಿರುವುದು ನಿಜವೆಂದು ಹೇಗೆ ನಂಬುವುದು? ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಈ ಪ್ರಶ್ನೆ ಬಂದುಬಿಡುತ್ತಿತ್ತು. ಕಪ್ಪುಹಲಗೆಯ ಮೇಲೆ ಬರೆದ ಸಮೀಕರಣವನ್ನು ಮೂರು ಸಲ ಓದುತ್ತಿದ್ದೆ.

ಇದನ್ನೆಲ್ಲ ಹೆಚ್ಚು ಅನುಭವಿಸಿದವಳು ನನ್ನ ಹೆಂಡತಿ. ಅವಳಿಗೆ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ನೌಕರಿ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಬರುವುದು ಸಂಜೆ. ನನ್ನ ಅಂಗಿ, ಪ್ಯಾಂಟು, ಚೀಲ ಎಲ್ಲದರ ಒಳಗೂ ಗ್ಲುಕೋಸ್ ಪುಡಿಯ ಪೊಟ್ಟಣ ಇಟ್ಟಿರುತ್ತಿದ್ದಳು. ಆದರೆ ಬೇಕಾದಾಗ ನಾನು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಏನ್ರಿ, ನಿಮ್ಮ ಮಾರಿ ಯಾಕೋ ಬ್ಯಾರೆ ಕಾಣಾಕತ್ತೈತಿ. ಸ್ವಲ್ಪ ಗ್ಲುಕೋಸ್ ತಗೋರಿ."

"ನನಗೇನಾಗೇತಿ? ನಿನ್ನ ಮಾರೀನ ಬ್ಯಾರೆ ಕಾಣಾಕತ್ತೈತಿ."

ಇಂಥ ಜಗಳ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತಿತ್ತು. ಕೆಲವು ಸಲ ನನಗೆ ನಿಜವಾಗಿಯೇ ಸಿಟ್ಟು ಬಂದಿರುತ್ತಿತ್ತು, ಸಕ್ಕರೆ ಸರಿಯೇ ಇರುತ್ತಿತ್ತು. ಯಾವ ಸಿಟ್ಟು ನನ್ನದು, ಯಾವುದು ಕಾಯಿಲೆಯದು ಎಂದು ಅವಳಿಗೂ ತಿಳಿಯುತ್ತಿರಲಿಲ್ಲ, ನನಗೂ.

ಹೊಸ ಶತಮಾನ ಬಂದು ಒಂದೆರಡು ವರ್ಷಗಳಾಗಿದ್ದವು. ಡಾಕ್ಟರು ಒಂದು ದಿನ ಮಾತಿನ ನಡುವೆ, ಹೊರದೇಶಗಳಲ್ಲಿ ಕೆಲವು ರೋಗಿಗಳ ನಾಯಿಗಳು ಸಕ್ಕರೆ ಇಳಿಯುವುದನ್ನು ಮೊದಲೇ ಗುರುತಿಸುತ್ತವೆಯೆಂದು ಓದಿದ್ದಾಗಿ ಹೇಳಿದರು. ಮೈಯ ವಾಸನೆ ಬದಲಾಗುತ್ತದೆಯೋ ಏನೋ. ನಾಯಿಗಳಿಗೆ ಅದನ್ನು ಕಲಿಸಲೂ ಪ್ರಯತ್ನ ನಡೆದಿದೆಯಂತೆ.

"ನಮ್ಮ ಕಡೆ ಯಾರು ಕಲಸ್ತಾರ್ರಿ?" ಎಂದು ಹೆಂಡತಿ ಕೇಳಿದಳು.

"ಯಾರೂ ಕಲಸಂಗಿಲ್ಲವಾ. ಸುಮ್ನ ಹೇಳಿದೆ."

ಅವರು ಸುಮ್ಮನೆ ಹೇಳಿದ್ದನ್ನು ನನ್ನ ಹೆಂಡತಿ ಸುಮ್ಮನೆ ಬಿಡಲಿಲ್ಲ. ಅವಳ ಕಚೇರಿಯಲ್ಲಿ ಒಬ್ಬರ ನೆಂಟರು ಪೊಲೀಸ್ ನಾಯಿಗಳನ್ನು ನೋಡಿಕೊಳ್ಳುತ್ತಿದ್ದವರು, ನಿವೃತ್ತರಾಗಿ ಕೆಲಗೇರಿಯಲ್ಲಿ ಮನೆ ಮಾಡಿಕೊಂಡಿದ್ದರು. ಒಂದು ರವಿವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಎಲ್ಲರೂ ಅವರನ್ನು ಹವಾಲ್ದಾರರು ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಬಿಳಿ ಮೀಸೆ, ಎತ್ತರದ ಆಳು. ನಮ್ಮ ಕಥೆಯನ್ನು ಪೂರ್ತಿ ಕೇಳಿದರು.

"ಕಳ್ಳನ ವಾಸನಿ ಹಿಡಸೂದು ನನಗ ಗೊತ್ತೈತ್ರಿ ಮಾಸ್ತರ. ಕಳ್ಳ ಒಂದ ರುಮಾಲ ಬಿಟ್ಟ ಹೋಗಿರತಾನ, ಅದನ್ನ ತೋರಸ್ತೀವಿ. ನಿಮ್ಮ ಸಕ್ಕರಿ ಇಳದಾಗಿನ ವಾಸನಿ ಎಲ್ಲಿಂದ ತರೂದು?"

"ಅವ್ರ ಬನಿಯನ್ ಆಗ ಪೂರಾ ತೊಯ್ದಿರತೈತ್ರಿ," ಎಂದಳು ನನ್ನ ಹೆಂಡತಿ.

ಹವಾಲ್ದಾರರು ಮೀಸೆಯ ಮೇಲೆ ಕೈಯಾಡಿಸಿದರು. "ಆಗತೈತಂತ ನಾ ಹೇಳಂಗಿಲ್ಲ. ಮಾಡಿ ನೋಡೂಣು."

ಹೀಗೆ ನಮ್ಮ ಮನೆಗೆ ನಾಯಿ ಬಂತು. ಕಂದು ಬಣ್ಣದ ಹೆಣ್ಣು ಮರಿ. ತಾಯಿ ಲ್ಯಾಬ್ರಡಾರ್, ತಂದೆ ಯಾರೆಂದು ಹವಾಲ್ದಾರರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಮೊದಲ ದಿನ "ಬಾ ಕೂಸ" ಎಂದು ಕರೆದಳು, ಅದು ಬಂತು, ಕೂಸು ಎಂಬ ಹೆಸರೇ ಉಳಿಯಿತು. ಅವ್ವ ಆಗ ಹಳ್ಳಿಯಲ್ಲಿದ್ದಳು. ಸೊಸೆ ಯಾರಿಗೋ ಕೂಸ ಕೂಸ ಎನ್ನುತ್ತಾಳೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಸಂತೋಷದಿಂದ ಉಂಡಿ ಕಟ್ಟಿಕೊಂಡು ಬಂದವಳು ನಾಯಿಮರಿಯನ್ನು ನೋಡಿ ಉಂಡಿಯ ಗಂಟನ್ನು ಮತ್ತೆ ಚೀಲಕ್ಕೆ ಹಾಕಿದಳು. ಎರಡು ದಿನ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಊರಿಗೆ ಹೊರಡುವ ದಿನ ಮಾತ್ರ ಅದರ ಬಾಯಿಗೆ ಒಂದು ಉಂಡಿ ಹಾಕಿ, "ಇವನ್ನ ಛಲೋತ್ನ್ಯಾಗ ನೋಡ್ಕೋ," ಎಂದು ಹೇಳಿ ಹೋದಳು.

ಕಲಿಸುವ ಕೆಲಸ ಶುರುವಾಯಿತು. ಸಕ್ಕರೆ ಇಳಿದಾಗ ಹೆಂಡತಿ ಮೊದಲು ನನಗೆ ಗ್ಲುಕೋಸ್ ಕುಡಿಸಿ, ಆಮೇಲೆ ಬನಿಯನ್ ಬಿಚ್ಚಿಸಿ, ತುಂಡು ಮಾಡಿ ಗಾಜಿನ ಭರಣಿಯಲ್ಲಿ ಮುಚ್ಚಿಡುತ್ತಿದ್ದಳು. "ಮಂದಿ ಮಾವಿನಕಾಯಿ ಹಾಕ್ತಾರ, ನಾ ನಿಮ್ಮ ಬೆವರ ಹಾಕಾಕತ್ತೇನಿ," ಎನ್ನುವಳು. ಹವಾಲ್ದಾರರು ರವಿವಾರ ಬಂದು ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಗಳನ್ನು ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದರು. ಒಂದರಲ್ಲಿ ಆ ಬನಿಯನ್ ತುಂಡು, ಉಳಿದವುಗಳಲ್ಲಿ ಆರಾಮಿದ್ದಾಗಿನ ನನ್ನ ಬಟ್ಟೆ. ಸರಿಯಾದ ಡಬ್ಬಿ ಮೂಸಿ ಬಂದು ನನ್ನ ಮೊಣಕಾಲ ಮೇಲೆ ಮುಂಗಾಲು ಇಟ್ಟರೆ ಒಂದು ಚೂರು ಟೋಸ್ಟ್.

ಮೊದಲ ತಿಂಗಳುಗಳಲ್ಲಿ ಅದು ಕಲಿತದ್ದು ಬನಿಯನ್ ಎಂಬ ವಸ್ತುವನ್ನು. ಓಣಿಯ ಯಾವ ಹಗ್ಗದ ಮೇಲೆ ಬನಿಯನ್ ಒಣಹಾಕಿದ್ದರೂ ಅದನ್ನು ಎಳೆದು ತಂದು ನನ್ನ ಮುಂದೆ ಇಡುತ್ತಿತ್ತು. ಹೆಂಡತಿ ಮನೆಮನೆಗೆ ಹೋಗಿ ಬನಿಯನ್ ಹಿಂದಿರುಗಿಸಿ ಬರುವಳು. ಆಮೇಲೆ ಡಬ್ಬಿಯ ಆಟದಲ್ಲಿ ಸರಿಯಾಗಿ ಗುರುತಿಸತೊಡಗಿತು. ನಾನು ಹಿಗ್ಗಿದೆ. ಹವಾಲ್ದಾರರು ಮಾತ್ರ ಹಿಗ್ಗಲಿಲ್ಲ.

"ಅದಕ್ಕ ವಾಸನಿ ಗೊತ್ತಾಗೇತೋ, ಇಲ್ಲಾ ನನ್ನ ಕಣ್ಣ ನೋಡಿ ಯಾವ ಡಬ್ಬಿ ಅಂತ ತಿಳಕೊಂಡೈತೋ, ನನಗ ಗೊತ್ತಾಗವಲ್ದ್ರಿ. ನಾಯಿ ಭಾಳ ಶಾಣ್ಯಾ ಇರತಾವ."

ಹಾಗಾದರೆ ನಮಗ್ಯಾರಿಗೂ ಗೊತ್ತಿಲ್ಲದ ಹಾಗೆ ಪರೀಕ್ಷೆ ಮಾಡೋಣ ಎಂದೆ. ಹೆಂಡತಿ ಒಬ್ಬಳೇ ಡಬ್ಬಿಗಳನ್ನು ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಹಿತ್ತಲಿನಿಂದ ಬಂದೆವು. ಕೂಸು ಒಮ್ಮೆ ಸರಿ ಹೇಳಿತು. ಇನ್ನೊಮ್ಮೆ ತಪ್ಪಿತು. ಮತ್ತೆ ಸರಿ ಹೇಳಿತು. ಆಮೇಲೆ ಬೇಸರ ಬಂದು ಒಂದು ಡಬ್ಬಿಯನ್ನೇ ಕಚ್ಚಿಕೊಂಡು ಓಡಿತು. ವಿಜ್ಞಾನದ ಮಾಸ್ತರನಾಗಿ ಇದರಿಂದ ಏನು ತೀರ್ಮಾನಕ್ಕೆ ಬರಬೇಕೆಂದು ನನಗೆ ತಿಳಿಯಲಿಲ್ಲ.

ನಿಜವಾದ ಕೆಲಸ ಅದು ಮೊದಲು ಮಾಡಿದ್ದು ಮಾರ್ಚ್ ತಿಂಗಳ ಒಂದು ರಜೆಯ ದಿನ. ನಾನು ಪಡಸಾಲೆಯಲ್ಲಿ ಕುಳಿತು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೂಸು ಬಂದು ಮೊಣಕಾಲ ಮೇಲೆ ಕಾಲಿಟ್ಟಿತು. ಡಬ್ಬಿಯೂ ಇಲ್ಲ, ಏನೂ ಇಲ್ಲ. ಟೋಸ್ಟ್ ಆಸೆಗೆ ಬಂದಿದೆ ಎಂದು ಕಾಲು ಸರಿಸಿದೆ. ಮತ್ತೆ ಇಟ್ಟಿತು. "ಹೋಗ ಅತ್ತಾಗ," ಎಂದು ಗದರಿದೆ. ಅದು ಹೋಗಲಿಲ್ಲ. ಅಂಗಿಯ ಚುಂಗು ಹಿಡಿದು ಎಳೆಯಿತು. ಗದ್ದಲ ಕೇಳಿ ಹೆಂಡತಿ ಬಂದಳು. ಆ ಹೊತ್ತಿಗೆ ನಾವು ಮನೆಯಲ್ಲೇ ರಕ್ತ ನೋಡುವ ಮೀಟರ್ ಒಂದನ್ನು ಇಟ್ಟುಕೊಂಡಿದ್ದೆವು. ಬೆರಳು ಚುಚ್ಚಿ ನೋಡಿದಳು.

"ಇಳದೈತ್ರಿ. ಪೂರಾ ಇಳದೈತಿ."

"ಮಷಿನ್ ಕೆಟ್ಟೈತಿ."

"ಮಷಿನ್ ಕೆಟ್ಟೈತಿ, ನಾಯಿ ಕೆಟ್ಟೈತಿ, ನಾನೂ ಕೆಟ್ಟೇನಿ. ನೀವೊಬ್ರ ಛಲೋ ಅದೀರಿ. ಬಾಯಿ ತಗೀರಿ."

ಬಾಯಿ ತೆಗೆದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರಪತ್ರಿಕೆ ನೋಡಿದರೆ, ಒಂದೇ ಹುಡುಗಿಯ ಒಂದೇ ಉತ್ತರವನ್ನು ಮೊದಲು ಸರಿಯೆಂದು, ಅದರ ಮೇಲೆಯೇ ತಪ್ಪೆಂದು, ಮತ್ತೆ ಸರಿಯೆಂದು ಕೆಂಪು ಶಾಯಿಯಲ್ಲಿ ಗೀಚಿದ್ದೆ. ಹೆಂಡತಿ ಕೂಸನ್ನು ತಬ್ಬಿಕೊಂಡು ಅಳುತ್ತಿದ್ದಳು. ನನಗೆ ಖುಷಿಯಾಯಿತೇ, ಹೆದರಿಕೆಯಾಯಿತೇ, ಹೇಳಲಾರೆ. ನನ್ನೊಳಗೆ ನಡೆಯುವುದು ನನ್ನನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ ಎಂಬುದು ಸುಲಭವಾಗಿ ಒಪ್ಪಿಕೊಳ್ಳುವ ಸಂಗತಿಯಲ್ಲ.

ಆ ಮೇಲೆ ಮನೆಯಲ್ಲಿ ಒಂದು ಕರಾರು ಆಯಿತು. ಕೂಸು ಕಾಲಿಟ್ಟರೆ ನಾನು ವಾದ ಮಾಡಬಾರದು. ಮೊದಮೊದಲು ಅದು ಕಾಲಿಟ್ಟಾಗಲೆಲ್ಲ ಗ್ಲುಕೋಸ್ ತಿಂದೆ. ಅದು ಟೋಸ್ಟ್ ಸಲುವಾಗಿಯೂ ಕಾಲಿಡುತ್ತಿತ್ತಾದ್ದರಿಂದ ಸಕ್ಕರೆ ಏರಿ ಡಾಕ್ಟರು ಬೈದರು. ಆಮೇಲೆ ಕಾಲಿಟ್ಟಾಗ ಬೆರಳು ಚುಚ್ಚಿ ನೋಡುವುದೆಂದಾಯಿತು.

ಅದನ್ನು ಹೊರಗೆ ಕರೆದೊಯ್ಯುವುದು ಬೇರೆಯೇ ಕಷ್ಟ. ಇದು ಎಂಥ ನಾಯಿ ಎಂದು ಹೇಳಲು ನಮ್ಮಲ್ಲಿ ಒಂದು ಶಬ್ದವೇ ಇರಲಿಲ್ಲ. ಕಂಡಕ್ಟರು, "ಕುರುಡ್ರ ನಾಯೇನ್ರಿ? ನಿಮಗ ಕಣ್ಣ ಕಾಣತಾವಲ್ಲ?" ಎಂದು ಕೇಳಿ ಬಸ್ಸಿನಿಂದ ಇಳಿಸಿದರು. ಮುಖ್ಯೋಪಾಧ್ಯಾಯರು ಬಹಳ ಯೋಚಿಸಿ, "ಸಾಲಿ ಒಳಗ ಬ್ಯಾಡ್ರಿ. ನಿಮ್ಮ ವರ್ಗದ ಹೊರಗ ವರಾಂಡದಾಗ ಮಲಗಲಿ. ಯಾರರ ಕೇಳಿದ್ರ ಅದು ತಾನ ಬಂದು ಮಲಗೇತಿ ಅನ್ರಿ," ಎಂದರು. ಹೀಗೆ ನನ್ನ ಕೂಸು ಯಾರದೂ ಅಲ್ಲದ ಬೀದಿನಾಯಿಯ ಲೆಕ್ಕದಲ್ಲಿ ಶಾಲೆ ಸೇರಿತು.

ಕೆಲಗೇರಿ ಕೆರೆಯ ಏರಿಯ ಮೇಲೆ ಅವಘಡ ಆದದ್ದು ಅದರ ಮರುವರ್ಷ. ಬೆಳಗಿನ ತಿರುಗಾಟಕ್ಕೆ ಹೋಗಿದ್ದೆವು, ನಾನು ಮತ್ತು ಕೂಸು. ಏರಿಯ ಮೇಲೆ ನಡೆಯುವಾಗ ಅದು ಅಡ್ಡ ಬಂದು ಕಾಲಿಗೆ ತೊಡರಿಕೊಂಡದ್ದು ನೆನಪಿದೆ. ಕಿಸೆಗೆ ಕೈ ಹಾಕಿದ್ದು ನೆನಪಿದೆ. ಕಿಸೆಯಲ್ಲಿ ಏನಿದೆ, ಅದರಿಂದ ಏನು ಮಾಡಬೇಕು ಎಂಬುದು ಮರೆತುಹೋಯಿತು. ಅಲ್ಲಿಂದ ಮುಂದೆ ನನ್ನ ಬಳಿ ನೆನಪಿಲ್ಲ, ಮಂದಿ ಹೇಳಿದ್ದಷ್ಟೇ ಇದೆ. ಅವರು ಹೇಳಿದ್ದೂ ಒಂದಕ್ಕೊಂದು ಹೊಂದುವುದಿಲ್ಲ.

ನಾನು ಬಿದ್ದದ್ದಂತೂ ಖರೆ. ಮಂದಿ ಸೇರಿದರು. ಎತ್ತಲು ಬಂದವರ ಮೇಲೆ ಕೂಸು ಹಲ್ಲು ಕಿರಿದು ಗುರುಗುಟ್ಟಿತು, ನನ್ನ ಎದೆಯ ಮೇಲೆ ಅಡ್ಡ ಮಲಗಿ ಯಾರನ್ನೂ ಹತ್ತಿರ ಬಿಡಲಿಲ್ಲ. ಇಷ್ಟರ ಬಗ್ಗೆ ಎಲ್ಲರದೂ ಒಂದೇ ಮಾತು. ಯಾರೋ ಹುಚ್ಚುನಾಯಿ ಎಂದು ಕಲ್ಲು ತೆಗೆದುಕೊಂಡರು. ಕಲ್ಲು ಬಿತ್ತು ಎಂದು ಒಬ್ಬರು, ಬೀಳಲಿಲ್ಲ ಎಂದು ಇನ್ನೊಬ್ಬರು. ನಾಯಿ ಒಬ್ಬರನ್ನು ಕಚ್ಚಿತು ಎಂದವರೂ ಇದ್ದಾರೆ, ಕಚ್ಚಿಸಿಕೊಂಡವರು ಮಾತ್ರ ಎಂದೂ ಸಿಗಲಿಲ್ಲ. ಹವಾಲ್ದಾರರ ಮನೆ ಹತ್ತಿರವೇ ಇತ್ತು. ಸುದ್ದಿ ತಿಳಿದು ಅವರು ಓಡಿ ಬರುವಷ್ಟರಲ್ಲಿ ನಾನು ಎದ್ದು ಕುಳಿತಿದ್ದೆ. ನನ್ನ ಬಾಯಿಯಲ್ಲಿ ಬೆಲ್ಲದ ರುಚಿ ಇತ್ತು. ನನ್ನ ಕಿಸೆಯಲ್ಲಿದ್ದದ್ದು ಗ್ಲುಕೋಸ್, ಅದರ ಪೊಟ್ಟಣ ಹರಿದಿರಲಿಲ್ಲ.

"ಬೆಲ್ಲ ಯಾರು ಕೊಟ್ರು?" ಎಂದು ಕೇಳಿದೆ.

ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದಳು, ಬುಟ್ಟಿ ಇಳಿಸಿ ನಾಯಿಯ ಪಕ್ಕದಲ್ಲೇ ಕುಳಿತಳು, ನಾಯಿ ಸುಮ್ಮನಾಯಿತು, ಅವಳು ತನ್ನ ಬುತ್ತಿಯಿಂದ ಬೆಲ್ಲ ತೆಗೆದು ನನ್ನ ಬಾಯಿಗಿಟ್ಟು ಹೋದಳು. ಹೀಗೆಂದು ಒಬ್ಬ ಮುದುಕರು ಹೇಳಿದರು. ಅಂಥ ಹೆಂಗಸನ್ನೇ ನಾವು ನೋಡಲಿಲ್ಲ ಎಂದರು ಉಳಿದವರು. ಮುಂದೆ ಎಷ್ಟೋ ದಿನ ಅದೇ ಹೊತ್ತಿಗೆ ಏರಿಯ ಮೇಲೆ ಹೋಗಿ ನಿಂತು, ಬುಟ್ಟಿ ಹೊತ್ತು ಹೋಗುವವರನ್ನೆಲ್ಲ ಕೇಳಿದೆ. ಅವಳು ಸಿಗಲಿಲ್ಲ. ಕೂಸು ಯಾರನ್ನೂ ಬಿಡದೆ ಅವಳನ್ನು ಮಾತ್ರ ಏಕೆ ಬಿಟ್ಟಿತು ಎಂಬುದೂ ತಿಳಿಯಲಿಲ್ಲ.

ಹವಾಲ್ದಾರರು ಆ ದಿನ ಬಹಳ ಬೇಜಾರು ಮಾಡಿಕೊಂಡರು. "ಇದು ನನ್ನ ತಪ್ಪರಿ. ಪೊಲೀಸ್ ನಾಯಿಗತೆ ಕಲಿಸಿಬಿಟ್ಟೇನಿ. ನಿಮ್ಮನ್ನ ಕಾಯಾಕ ಹೋಗಿ ನಿಮ್ಮನ್ನ ಕೊಂದಿರತಿತ್ತು."

ಮಂದಿಯನ್ನು ಹತ್ತಿರ ಬಿಡುವುದನ್ನು ಕಲಿಸಬೇಕಾಯಿತು. ಅವರ ಉಪಾಯದಂತೆ ನಾನು ಅಂಗಳದಲ್ಲಿ ಬಿದ್ದುಕೊಳ್ಳಬೇಕು, ಓಣಿಯವರು ಒಬ್ಬೊಬ್ಬರಾಗಿ ಚಮಚೆಯಲ್ಲಿ ಸಕ್ಕರೆ ಹಿಡಿದು ಬರಬೇಕು. ಮೊದಲು ಬಂದವರು ಹಿಂದಿನ ಓಣಿಯ ಆ ಎದುರು ಮನೆಯವರು. ನಾನು ಕಣ್ಣು ಮುಚ್ಚಿ ಬಿದ್ದುಕೊಂಡೆ. ಕೂಸು ಬಂದು ನನ್ನನ್ನು ಒಮ್ಮೆ ಮೂಸಿ, ದೂರ ಹೋಗಿ ನೆರಳಲ್ಲಿ ಮಲಗಿ ನಿದ್ದೆ ಹೋಯಿತು. ಎಷ್ಟು ನರಳಿದರೂ ಏಳಲಿಲ್ಲ.

"ನಿಮ್ಮ ನಾಟಕ ಅದಕ್ಕ ತಿಳಿದೈತ್ರಿ ಸರ," ಎಂದರು ಅವರು, ಚಮಚೆ ಹಿಡಿದುಕೊಂಡೇ. ಆಮೇಲೆ ಗಂಭೀರವಾದರು. "ಅಂದ್ರ ನೀವು ಅವತ್ತ ನಮ್ಮ ಓಣ್ಯಾಗ ಖರೇನ ಕುಡದಿರಲಿಲ್ಲೇನ್ರಿ?"

ಕೊನೆಗೆ ನನ್ನ ಹಳೆಯ ಬನಿಯನ್ ತುಂಡುಗಳನ್ನೇ ಮೈಮೇಲೆ ಇಟ್ಟುಕೊಂಡು ಮಲಗಿದಾಗ ಕೂಸು ಎಚ್ಚರವಾಯಿತು. ಒಬ್ಬೊಬ್ಬರೇ ಬಂದು ಅದಕ್ಕೆ ಟೋಸ್ಟ್, ನನಗೆ ಸಕ್ಕರೆ ಕೊಟ್ಟು ಹೋದರು. ತಿಂಗಳಾನುಗಟ್ಟಲೆ ಹಿಡಿಯಿತು. ನಮ್ಮ ಓಣಿಯವರು ಬೇಸರಿಸಲಿಲ್ಲ. ಸಂಜೆ ಆಯಿತೆಂದರೆ, "ಇವತ್ತ ಬೀಳತೀರೇನ್ರಿ ಮಾಸ್ತರ?" ಎಂದು ಕೇಳಿಕೊಂಡು ಬರುತ್ತಿದ್ದರು.

ಆಮೇಲಿನ ವರ್ಷಗಳು ಹೆಚ್ಚು ಅವಘಡವಿಲ್ಲದೆ ಹೋದವು. ಹೆಂಡತಿ ಹುಬ್ಬಳ್ಳಿಯ ಬಸ್ಸಿನಲ್ಲಿ ನಿದ್ದೆ ಮಾಡಲು ಕಲಿತಳು, ಅದನ್ನು ಅವಳೇ ಆಶ್ಚರ್ಯದಿಂದ ಹೇಳುತ್ತಿದ್ದಳು. ಅಂಥ ದಿನಗಳಲ್ಲಿ ಒಂದು ಸಂಜೆ ಕೂಸು ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯಲು ಕುಳಿತಿದ್ದ ಅವಳ ಮೊಣಕಾಲ ಮೇಲೆ ಕಾಲಿಟ್ಟಿತು. ನಾವು ನಕ್ಕೆವು. ಅದು ತೆಗೆಯಲಿಲ್ಲ. ಮರುದಿನವೂ ಇಟ್ಟಿತು. ನನ್ನ ಕಡೆ ನೋಡದೆ ನೇರವಾಗಿ ಅವಳ ಬಳಿಗೇ ಹೋಗುತ್ತಿತ್ತು.

ಅವಳ ಬೆರಳು ಚುಚ್ಚಿ ನೋಡಿದೆವು. ಸರಿಯಿತ್ತು. ಡಾಕ್ಟರ ಕಡೆ ಹೋದೆವು. ಅವರು ರಕ್ತ, ಮೂತ್ರ, ಎದೆಯ ಎಕ್ಸ್‌ರೇ ಎಲ್ಲ ಮಾಡಿಸಿದರು. ಏನೂ ಇರಲಿಲ್ಲ. ಸತ್ತೂರಿನ ದೊಡ್ಡ ಆಸ್ಪತ್ರೆಗೂ ಹೋಗಿ ತೋರಿಸಿ ಬಂದೆವು. ಅಲ್ಲಿಯೂ ಏನೂ ಇಲ್ಲ ಎಂದರು. ಹವಾಲ್ದಾರರು ನಾಯಿಯನ್ನು ಪರೀಕ್ಷಿಸಿ ಅದೂ ಆರಾಮಾಗಿದೆ ಎಂದರು. ನನಗೆ ನಿದ್ದೆ ಬರಲಿಲ್ಲ. ನನ್ನ ಬಗ್ಗೆ ಅದು ಹೇಳಿದ್ದು ನಿಜವೆಂದಾದರೆ ಅವಳ ಬಗ್ಗೆ ಹೇಳುತ್ತಿರುವುದು ಸುಳ್ಳು ಹೇಗಾದೀತು? ಅವಳ ಬಗ್ಗೆ ಹೇಳಿದ್ದು ಸುಳ್ಳೆಂದಾದರೆ ನನ್ನ ಬಗ್ಗೆ? ಅವಳು ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ. ಅವಳಿಗೆ ಸಾಕಾಗಿಹೋಯಿತು.

"ಇಷ್ಟ ವರ್ಷ ನಾ ನಿಮ್ಮನ್ನ ಹಿಂಗ ನೋಡಿನ್ರಿ," ಎಂದಳು ಒಮ್ಮೆ. "ನೋಡಿಸಿಕೊಳ್ಳೂದು ಎಷ್ಟ ತ್ರಾಸಂತ ನನಗ ಈಗ ತಿಳೀತು."

ಮಳೆಗಾಲ ಮುಗಿಯುವಷ್ಟರಲ್ಲಿ ಕೂಸು ಅದನ್ನು ನಿಲ್ಲಿಸಿಬಿಟ್ಟಿತು. ಏಕೆ ಶುರುಮಾಡಿತು, ಏಕೆ ನಿಲ್ಲಿಸಿತು, ಇಂದಿಗೂ ಗೊತ್ತಿಲ್ಲ. ಅವಳಿಗೆ ಏನೂ ಆಗಲಿಲ್ಲ.

ಅದರ ನಂತರದ ಒಂದು ದಿನ ಎಂಟನೆಯ ಇಯತ್ತೆಗೆ ಪಾಠ ಮಾಡುತ್ತಿದ್ದೆ. ಕೈಯಲ್ಲಿದ್ದ ಸುಣ್ಣದ ಕಡ್ಡಿ ಅಲುಗಾಡತೊಡಗಿತು. ಎದೆ ಬಡಿಯುತ್ತಿತ್ತು. ನನಗೆ ಅದು ಏನೆಂದೇ ತಿಳಿಯಲಿಲ್ಲ, ಹೃದಯದ ಕಾಯಿಲೆ ಬಂತೆಂದು ಗಾಬರಿಯಾದೆ. ಅಷ್ಟರಲ್ಲಿ ವರಾಂಡದಿಂದ ಕೂಸು ಎದ್ದು ಬಂದು ಬಾಗಿಲಲ್ಲಿ ನಿಂತಿತು. ಅದನ್ನು ನೋಡಿ ಗೊತ್ತಾಯಿತು: ಇದು ಹಳೆಯ ನಡುಕ. ಎಷ್ಟೋ ವರ್ಷಗಳ ಹಿಂದೆ ಹೋದದ್ದು ತಿರುಗಿ ಬಂದಿದೆ.

ಡಾಕ್ಟರು ಬಹಳ ಸಂತೋಷಪಟ್ಟರು. ಸಕ್ಕರೆ ಪದೇ ಪದೇ ಬೀಳುವುದು ತಪ್ಪಿದರೆ ಹೀಗೆ ಕೆಲವರಿಗೆ ಸೂಚನೆಗಳು ಮರಳುತ್ತವೆ ಎಂದರು. "ಆದ್ರ ಅದು ನಾಯಿಯಿಂದಂತ ನಾ ಅನ್ನಂಗಿಲ್ರಿ. ನಾಯಿ ಇತ್ತಂತ ನೀವು ಪದೇ ಪದೇ ರಕ್ತ ನೋಡಿಕೊಂಡ್ರಿ, ಹೊತ್ತಿಗೆ ಸರಿಯಾಗಿ ಉಂಡ್ರಿ."

"ಎರಡೂ ಒಂದ ಆತಲ್ರಿ ಡಾಕ್ಟರ," ಎಂದಳು ಹೆಂಡತಿ.

ಎರಡೂ ಒಂದೇ ಎಂದು ನನಗೆ ಅನ್ನಿಸಲಿಲ್ಲ. ಬೇರೆ ಬೇರೆ ಎಂದು ತೋರಿಸಲೂ ಆಗಲಿಲ್ಲ.

ಹೊಸ ಶತಮಾನದ ಮೊದಲ ದಶಕ ಮುಗಿದು ಒಂದೆರಡು ವರ್ಷಗಳಾಗುವ ಹೊತ್ತಿಗೆ ಕೂಸಿಗೆ ವಯಸ್ಸಾಗಿತ್ತು. ಹಿಂಗಾಲು ಸೋತು ಶಾಲೆಗೆ ಬರುವುದನ್ನು ಬಿಟ್ಟಿತು. ವರಾಂಡದ ಆ ಜಾಗವನ್ನು ಮಕ್ಕಳು ತುಳಿಯದೆ ದಾಟಿಕೊಂಡು ಹೋಗುವುದು ಮಾತ್ರ ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ಹಾಲಿಗೆ ಬಾಯಿ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋಯಿತು. ಹವಾಲ್ದಾರರಿಗೆ ಸುದ್ದಿ ಕಳಿಸಿದೆವು. ಅವರೇ ಒಂದು ಗಾಡಿ ತಂದು, ತಮ್ಮ ಮನೆಯ ಹಿಂದಿನ ಜಾಗದಲ್ಲಿ, ಹುಣಸೆ ಮರದ ಪಕ್ಕ ಮಣ್ಣು ಮಾಡಿದರು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತರು.

"ಖರೇ ಹೇಳ್ರಿ ಮಾಸ್ತರ. ಅದು ನಾವು ಕಲಸಿದ್ದನ್ನ ಕಲತಿತ್ತೋ, ಇಲ್ಲಾ ಅದಕ್ಕ ಮೊದಲ ಗೊತ್ತಿದ್ದು ನಮ್ಮ ಮನಸ್ಸಿನ ಸಮಾಧಾನಕ್ಕ ಕಲತಂಗ ಮಾಡಿತೋ?"

"ಗೊತ್ತಿಲ್ರಿ."

"ನನಗೂ ಗೊತ್ತಿಲ್ರಿ," ಎಂದರು.

ಸಂಜೆಯಾಗುವ ಮುಂಚೆ ಹೊರಟೆವು. ಸ್ಕೂಟರಿನಲ್ಲಿ ಹೆಂಡತಿ ಹಿಂದೆ ಕುಳಿತಿದ್ದಳು. ಕೆಲಗೇರಿಯ ರಸ್ತೆಯಿಂದ ತಿರುಗಿ ಸ್ವಲ್ಪ ದೂರ ಬಂದಿರಬೇಕು, ನನ್ನ ಕೈಗಳಲ್ಲಿ ಬಲವಿಲ್ಲದ ಹಾಗಾಯಿತು. ಹಣೆಯಲ್ಲಿ ಬೆವರು, ಕಣ್ಣಿಗೆ ಮುಂದಿನ ದಾರಿ ಮಂಜಾಗಿ ಕಾಣತೊಡಗಿತು. ಸ್ಕೂಟರನ್ನು ಬದಿಗೆ ನಿಲ್ಲಿಸಿದೆ.

"ಏನಾತ್ರಿ?"

"ಗೊತ್ತಾಗವಲ್ದು," ಎಂದೆ. "ಇಳದೈತೇನೋ."

ಅವಳು ಚೀಲದಿಂದ ಮೀಟರ್ ತೆಗೆದಳು. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ಬೆರಳು ಚಾಚಿದೆ. ಚುಚ್ಚಿದಳು. ಇಬ್ಬರೂ ಆ ಸಣ್ಣ ಗಾಜಿನ ಕಡೆ ನೋಡುತ್ತ ಕಾದೆವು.

"ಸರಿ ಐತ್ರಿ," ಎಂದಳು.

"ಇನ್ನೊಮ್ಮೆ ನೋಡು."

ಇನ್ನೊಂದು ಬೆರಳು ಚುಚ್ಚಿ ನೋಡಿದಳು. ಸರಿಯಿತ್ತು. ಮೀಟರನ್ನು ಚೀಲಕ್ಕೆ ಹಾಕಿ, ನನ್ನ ಪಕ್ಕದಲ್ಲಿ ಅದೇ ಕಲ್ಲಿನ ಮೇಲೆ ಕುಳಿತಳು. ಬಸ್ಸುಗಳು ಹೋದವು. ಗುರುತಿನವರೊಬ್ಬರು ಸೈಕಲ್ ನಿಲ್ಲಿಸಿ ಏನಾಯಿತೆಂದು ಕೇಳಿದರು. ಏನೂ ಇಲ್ಲ, ಸುಮ್ಮನೆ ಕುಳಿತಿದ್ದೇವೆ ಎಂದು ಅವಳೇ ಹೇಳಿ ಕಳಿಸಿದಳು. 

ಆಮೇಲೆ ಸ್ಕೂಟರಿನ ಕೀಲಿ ನನ್ನಿಂದ ತೆಗೆದುಕೊಂಡು ತಾನೇ ಮುಂದೆ ಕುಳಿತಳು.